ಸ್ಯೂಡೊನಿಮ್: ಒಂದು ಪದದ ಹುಟ್ಟು ಮತ್ತು ಬೆಳವಣಿಗೆ

ಇಂಗ್ಲಿಷಿನ ‘ಸ್ಯೂಡೊನಿಮ್’ ಎಂಬ ಪದಕ್ಕೆ ಇಂದು ಎಲ್ಲರೂ ತಿಳಿದಿರುವ ಅರ್ಥ, ಬರಹಗಾರರು ತಮ್ಮ ಸ್ವಂತ ಹೆಸರನ್ನು ಬದಿಗಿಟ್ಟು ಬರವಣಿಗೆಗೆಂದು ಇಟ್ಟುಕೊಳ್ಳುವ ಬೇರೆ ಹೆಸರು. ಪದವನ್ನು ಬಿಡಿಸಿದರೆ ಎರಡು ಗ್ರೀಕ್ ಭಾಗಗಳು ಸಿಗುತ್ತವೆ. ಮೊದಲಿನ ‘ಸ್ಯೂಡೊ’ ಎಂಬ ಭಾಗ ‘ಸುಳ್ಳಾದ’ ಎಂಬ ಅರ್ಥದ ‘ಪ್ಸೆಯುದೆಸ್’ ಎಂಬ ಗುಣವಾಚಕದಿಂದ ಬಂದದ್ದು. ಎರಡನೆಯದು ‘ಹೆಸರು’ ಎಂಬ ಅರ್ಥದ ‘ಒನೊಮ’. ಗ್ರೀಕಿನ ಕೆಲವು ಪ್ರಾಂತಭೇದಗಳಲ್ಲಿ ಅದು ‘ಒನುಮ’ ಎಂದಿತ್ತು. ಸಮಾಸಗಳಲ್ಲಿ ಉಳಿದುಕೊಂಡದ್ದು ಈ ರೂಪವೇ. ಸಂಸ್ಕೃತದ ‘ನಾಮನ್’, ಲ್ಯಾಟಿನ್ನಿನ ‘ನೋಮೆನ್’, ಇಂಗ್ಲಿಷಿನ ‘ನೇಮ್’ ಮತ್ತು ಈ ‘ಒನೊಮ’ ಒಂದೇ ಮೂಲದಿಂದ ಕವಲೊಡೆದವು. ಹೀಗಾಗಿ ಸಂಸ್ಕೃತದಿಂದ ಕನ್ನಡಕ್ಕೆ ಬಂದ ‘ಕಾವ್ಯನಾಮ’ದ ನಾಮವೂ ಸ್ಯೂಡೊನಿಮ್‌ನ ಕೊನೆಯ ಭಾಗವೂ ದೂರದ ದಾಯಾದಿಗಳು.

ಗ್ರೀಕರು ಪದದ ಮೊದಲಿನ ‘ಪ್’ ಮತ್ತು ‘ಸ್’ ಎರಡನ್ನೂ ಉಚ್ಚರಿಸುತ್ತಿದ್ದರು. ಆ ಜೋಡಿ ಧ್ವನಿಗೆ ಅವರ ಲಿಪಿಯಲ್ಲಿ ‘ಪ್ಸಿ’ ಎಂಬ ಒಂದೇ ಅಕ್ಷರವಿದೆ. ಇಂಗ್ಲಿಷ್ ಬರೆಯುವಾಗ ಎರಡನ್ನೂ ಉಳಿಸಿಕೊಂಡು ನುಡಿಯುವಾಗ ಮೊದಲನೆಯದನ್ನು ಬಿಟ್ಟಿತು. ಸೈಕಾಲಜಿ, ಸೈಕಿಯಾಟ್ರಿ ಮೊದಲಾದ ಪದಗಳಲ್ಲಿ ಆದದ್ದೂ ಇದೇ.

‘ಸ್ಯೂಡೊ’ದ ಹಿಂದಿರುವ ಗ್ರೀಕ್ ಕ್ರಿಯಾಪದಕ್ಕೆ ಎರಡು ಅರ್ಥಗಳಿದ್ದವು. ‘ಸುಳ್ಳು ಹೇಳು’ ಎಂಬುದು ಒಂದು. ‘ತಪ್ಪು ತಿಳಿ, ಮೋಸಹೋಗು’ ಎಂಬುದು ಇನ್ನೊಂದು. ಬೇಕೆಂದೇ ಆಡಿದ ಸುಳ್ಳೂ ಗೊತ್ತಿಲ್ಲದೆ ಆದ ತಪ್ಪೂ ಒಂದೇ ಪದದಲ್ಲಿ ಅಡಗಿದ್ದವು. ಮುಂದೆ ಈ ಉಪಸರ್ಗ ಹೊತ್ತು ಬಂದ ಪದಗಳಲ್ಲೆಲ್ಲ ಈ ಇಬ್ಬಗೆ ಕಾಣುತ್ತದೆ. ಕೆಲವು ಆಪಾದನೆ ಮಾಡುತ್ತವೆ, ಕೆಲವು ಬರಿಯ ಹೋಲಿಕೆಯನ್ನು ಹೇಳುತ್ತವೆ. ಸ್ಯೂಡೊನಿಮ್ ಯಾವ ಬಗೆಗೆ ಸೇರಬೇಕು ಎಂಬುದೇ ಅದರ ಚರಿತ್ರೆಯ ಮುಖ್ಯ ಪ್ರಶ್ನೆ.

ಮೊದಲಿಗೆ ಅದು ಆಪಾದನೆಯ ಪದವಾಗಿತ್ತು, ಲೇಖಕರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಗ್ರೀಕಿನ ‘ಪ್ಸೆಯುದೊನುಮೊಸ್’ ಎಂದರೆ ‘ತಪ್ಪಾಗಿ ಹೆಸರಿಸಲ್ಪಟ್ಟ’, ‘ಹೆಸರಿಗೆ ತಕ್ಕಂತಿಲ್ಲದ’ ಎಂದರ್ಥ. ಗ್ರೀಕ್ ನಾಟಕಕಾರ ಈಸ್ಕಿಲಸ್‌ನ ಹೆಸರಿನಲ್ಲಿ ಬಂದಿರುವ ‘ಬಂಧಿತ ಪ್ರೊಮೀಥಿಯಸ್’ ನಾಟಕದ ಆರಂಭದಲ್ಲಿ ಇದರ ಒಳ್ಳೆಯ ನಿದರ್ಶನವಿದೆ. ಪ್ರೊಮೀಥಿಯಸ್ ಎಂದರೆ ಮುಂದಾಲೋಚನೆಯುಳ್ಳವನು. ಅವನನ್ನು ಬಂಡೆಗೆ ಬಿಗಿದು ನಿಲ್ಲಿಸಿದ ಮೇಲೆ, ಬಲದ ಮೂರ್ತರೂಪವಾದ ಕ್ರಾಟೋಸ್ ಅವನನ್ನು ಹಂಗಿಸುತ್ತಾನೆ: ದೇವತೆಗಳು ನಿನಗೆ ಆ ಹೆಸರನ್ನು ತಪ್ಪಾಗಿ ಇಟ್ಟರು, ಈ ಕಟ್ಟಿನಿಂದ ಬಿಡಿಸಿಕೊಳ್ಳಲು ನಿನಗೇ ಈಗ ಮುಂದಾಲೋಚನೆಯವನೊಬ್ಬ ಬೇಕು ಎಂಬ ಭಾವ ಅವನ ಮಾತಿನಲ್ಲಿದೆ. ಅಲ್ಲಿ ಬಳಕೆಯಾಗಿರುವುದು ಈ ಪದದ್ದೇ ಕ್ರಿಯಾವಿಶೇಷಣ ರೂಪ. ಪ್ರೊಮೀಥಿಯಸ್ ಯಾವ ಹೆಸರನ್ನೂ ಮರೆಮಾಚಿಲ್ಲ. ಇದ್ದ ಹೆಸರೇ ಅವನಿಗೆ ಹೊಂದುತ್ತಿಲ್ಲ ಎಂಬುದಷ್ಟೇ ಮೂದಲಿಕೆಯ ತಿರುಳು.

ಕ್ರೈಸ್ತ ಬರಹಗಳಲ್ಲಿಯೂ ಪದ ಇದೇ ಅರ್ಥದಲ್ಲಿ ಮುಂದುವರಿಯಿತು. ಹೊಸ ಒಡಂಬಡಿಕೆಯಲ್ಲಿ ತಿಮೊಥೆಯನಿಗೆ ಬರೆದ ಮೊದಲ ಪತ್ರದ ಕೊನೆಯಲ್ಲಿ, ಜ್ಞಾನವೆಂದು ಸುಳ್ಳಾಗಿ ಕರೆಸಿಕೊಳ್ಳುವುದರಿಂದ ದೂರವಿರಬೇಕೆಂಬ ಎಚ್ಚರಿಕೆ ಬರುತ್ತದೆ. ಅಲ್ಲಿಯೂ ಇದೇ ಪದವಿದೆ. ಎರಡನೆಯ ಶತಮಾನದ ಬಿಷಪ್ ಐರೀನಿಯಸ್, ಗೂಢಜ್ಞಾನದಿಂದಲೇ ಮುಕ್ತಿ ಎನ್ನುತ್ತಿದ್ದ ನಾಸ್ಟಿಕ್ ಪಂಥಗಳನ್ನು ಖಂಡಿಸಿ ಬರೆದ ದೊಡ್ಡ ಗ್ರಂಥದ ಶೀರ್ಷಿಕೆಗೇ ಆ ಪದಪುಂಜವನ್ನು ತೆಗೆದುಕೊಂಡ. ಲ್ಯಾಟಿನ್ ಬೈಬಲ್ಲಿನಲ್ಲಿ ಸುಳ್ಳು ಕ್ರಿಸ್ತರಿಗೂ ಸುಳ್ಳು ಪ್ರವಾದಿಗಳಿಗೂ ‘ಸ್ಯೂಡೊ’ ಸೇರಿದ ಸಮಾಸಗಳೇ ಇವೆ. ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲೆಂಡಿನ ಧರ್ಮಸುಧಾರಕ ಜಾನ್ ವಿಕ್ಲಿಫ್‌ನ ಅನುಯಾಯಿಗಳು ಚರ್ಚಿನ ಅಧಿಕಾರಿಗಳ ಮೇಲೆ ಬರೆದಾಗ ಈ ಉಪಸರ್ಗ ಇಂಗ್ಲಿಷಿಗೆ ಇಳಿಯಿತು. ಆ ಕಾಲದ ಇಂಗ್ಲಿಷಿನಲ್ಲಿ ‘ಸ್ಯೂಡೊ’ ಒಂಟಿಯಾಗಿಯೂ ನಿಂತು, ಧರ್ಮದ ವೇಷ ತೊಟ್ಟ ಕಪಟಿ ಎಂಬ ಅರ್ಥ ಕೊಡುತ್ತಿತ್ತು. ಇಂಗ್ಲಿಷಿನಲ್ಲಿ ಅದರ ಮೊದಲ ಕೆಲಸವೇ ಬೈಗುಳವಾಗಿತ್ತು ಎಂದರೆ ತಪ್ಪಾಗದು.

ವಿಜ್ಞಾನದ ಕೈಗೆ ಬಂದಾಗ ಉಪಸರ್ಗದ ಕಟುತನ ಇಳಿಯಿತು. ಅಮೀಬಾ ಮುಂದೆ ಸಾಗಲು ಚಾಚುವ ದೇಹದ ಭಾಗವನ್ನು ಜೀವಶಾಸ್ತ್ರ ‘ಸ್ಯೂಡೊಪೋಡಿಯಮ್’ ಎನ್ನುತ್ತದೆ. ಕನ್ನಡದ ಪಠ್ಯಗಳಲ್ಲಿ ಅದು ಮಿಥ್ಯಾಪಾದ. ಕಾಲಿನ ಕೆಲಸ ಮಾಡುವ ಆದರೆ ಕಾಲಲ್ಲದ ಅಂಗ ಎಂಬುದಷ್ಟೇ ಅಲ್ಲಿನ ಅರ್ಥ. ಬಾಳೆಯ ದಿಂಡನ್ನು ಸುತ್ತಿಕೊಂಡು ನಿಂತ ಪಟ್ಟೆಗಳು ಕಾಂಡದಂತೆ ಕಾಣುವುದರಿಂದ ಸಸ್ಯಶಾಸ್ತ್ರಜ್ಞರು ಅದಕ್ಕೆ ಹುಸಿಕಾಂಡವೆನ್ನುತ್ತಾರೆ. ಗೇರುಹಣ್ಣು ಹೂವಿನ ತೊಟ್ಟು ಊದಿಕೊಂಡು ಆದದ್ದು. ನಿಜವಾದ ಹಣ್ಣು ಅದರ ತುದಿಗೆ ಜೋತ ಗೇರುಬೀಜ, ಆದ್ದರಿಂದ ತಿನ್ನುವ ಭಾಗ ಹುಸಿಹಣ್ಣು. ಬಾಳೆಯಾಗಲಿ ಗೇರಾಗಲಿ ಯಾರಿಗೂ ಮೋಸ ಮಾಡಿಲ್ಲ. ಇನ್ನೊಂದು ಕಡೆ, ‘ಸ್ಯೂಡೊಸೈನ್ಸ್’ ಎಂಬ ಪದ 1796ರಲ್ಲಿ ಜೇಮ್ಸ್ ಪೆಟಿಟ್ ಆಂಡ್ರೂಸ್ ಎಂಬ ಇತಿಹಾಸಕಾರ ರಸವಿದ್ಯೆಯ ಬಗ್ಗೆ ಬರೆಯುವಾಗ ಕಾಣಿಸಿಕೊಂಡಿತು. ಅಲ್ಲಿ ಹಳೆಯ ಖಂಡನೆಯ ದನಿ ಹಾಗೆಯೇ ಇದೆ.

‘ತಪ್ಪು ಹೆಸರಿನ’ ಎಂಬ ಅರ್ಥ ‘ಬೇರೆ ಹೆಸರಿನಲ್ಲಿ ಬರೆದ’ ಎಂಬ ಅರ್ಥಕ್ಕೆ ತಿರುಗಿದ್ದು ಗ್ರಂಥಾಲಯಗಳಲ್ಲಿ. ಮುದ್ರಣ ಬಂದ ಮೇಲೆ ಯೂರೋಪಿನಲ್ಲಿ ಪುಸ್ತಕಗಳ ಸಂಖ್ಯೆ ಏರಿತು. ಧರ್ಮ ಮತ್ತು ರಾಜಕೀಯದ ವಾದಗಳಲ್ಲಿ ಹೆಸರು ಹಾಕಿ ಬರೆಯುವುದು ಅಪಾಯವಾಗಿದ್ದರಿಂದ ಹೆಸರಿಲ್ಲದ ಮತ್ತು ಹೆಸರು ಬದಲಿಸಿದ ಪುಸ್ತಕಗಳೂ ರಾಶಿಯಾದವು. ಅವುಗಳ ನಿಜವಾದ ಕರ್ತೃಗಳನ್ನು ಹುಡುಕಿ ಪಟ್ಟಿ ಮಾಡುವುದು ಹದಿನೇಳನೆಯ ಶತಮಾನದ ವಿದ್ವಾಂಸರ ಒಂದು ಗೀಳೇ ಆಯಿತು. 1690ರಲ್ಲಿ ಫ್ರಾನ್ಸಿನ ಆದ್ರಿಯಾನ್ ಬಯೆ ವೇಷ ಮರೆಸಿಕೊಂಡ ಲೇಖಕರನ್ನೇ ಕುರಿತು ಒಂದು ಪುಸ್ತಕ ಪ್ರಕಟಿಸಿದ. 1708ರಲ್ಲಿ ಹ್ಯಾಂಬರ್ಗಿನಲ್ಲಿ ವಿನ್ಸೆಂಟ್ ಪ್ಲಾಕ್ಸಿಯಸ್‌ನ ಬೃಹತ್ ಲ್ಯಾಟಿನ್ ಸೂಚಿ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲಿ ಅನಾಮಧೇಯರೂ ಹುಸಿನಾಮಧೇಯರೂ ಜೊತೆಯಾಗಿ ನಿಂತರು. ಇಂಗ್ಲಿಷಿನಲ್ಲಿ ಮೊದಲು ಹದಿನೆಂಟನೆಯ ಶತಮಾನದ ಆರಂಭದಲ್ಲಿ ‘ಸ್ಯೂಡೊನಿಮಸ್’ ಎಂಬ ವಿಶೇಷಣ ಬಂತು. ‘ಸ್ಯೂಡೊನಿಮ್’ ಎಂಬ ನಾಮಪದ ಬಂದದ್ದು ಅದಕ್ಕೂ ಸುಮಾರು ನೂರು ವರ್ಷ ತಡವಾಗಿ, ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ, ಫ್ರೆಂಚಿನ ಪ್ರಭಾವದಿಂದ. ಫ್ರಾನ್ಸಿನಲ್ಲಿ ಆ ಹೊತ್ತಿಗೆ ಇಂಥ ಕೃತಿಗಳನ್ನು ಪಟ್ಟಿ ಮಾಡಿದ ಬಾರ್ಬಿಯೆಯ ಹೆಸರಾಂತ ಕೋಶ ಬಂದಾಗಿತ್ತು. ಬ್ರಿಟನ್ನಿಗೆ ಸ್ಯಾಮ್ಯುಯೆಲ್ ಹ್ಯಾಲ್ಕೆಟ್ ಮತ್ತು ಜಾನ್ ಲೈಂಗ್ ಅವರ ಕೋಶ 1882ರಿಂದ 1888ರವರೆಗೆ ನಾಲ್ಕು ಸಂಪುಟಗಳಲ್ಲಿ ಎಡಿನ್‌ಬರೋದಲ್ಲಿ ಪ್ರಕಟವಾಯಿತು.

ಇದೇ ಅರ್ಥಕ್ಕೆ ಇಂಗ್ಲಿಷಿನಲ್ಲಿ ಬೇರೆ ಮಾತುಗಳೂ ಇವೆ. ‘ನೊಂ ದ ಗೆರ್’ ಎಂಬುದು ಅಪ್ಪಟ ಫ್ರೆಂಚ್: ಹಿಂದೆ ಫ್ರೆಂಚ್ ಸೈನ್ಯಕ್ಕೆ ಸೇರಿದವರು ಇಟ್ಟುಕೊಳ್ಳುತ್ತಿದ್ದ ಯುದ್ಧದ ಹೆಸರು. ‘ನೊಂ ದ ಪ್ಲ್ಯೂಮ್’, ಅಂದರೆ ಲೇಖನಿಯ ಹೆಸರು, ಕೇಳುವುದಕ್ಕೆ ಫ್ರೆಂಚಾದರೂ ಇಂಗ್ಲಿಷರೇ ಫ್ರೆಂಚ್ ಪದಗಳನ್ನು ಕೂಡಿಸಿ ಕಟ್ಟಿದ್ದು. ‘ಪೆನ್ ನೇಮ್’ ಅದರ ಅನುವಾದ. ‘ಅನಾನಿಮಸ್’ ಎಂದರೆ ಹೆಸರೇ ಇಲ್ಲದ್ದು. ಈ ಕೊನೆಯದಕ್ಕೂ ಸ್ಯೂಡೊನಿಮ್‌ಗೂ ಇರುವ ಅಂತರ ದೊಡ್ಡದು. ಹೆಸರಿಲ್ಲದ ಹತ್ತು ಬರಹಗಳನ್ನು ಒಬ್ಬರೇ ಬರೆದರೋ ಹತ್ತು ಜನ ಬರೆದರೋ ಓದುಗರಿಗೆ ತಿಳಿಯದು. ಸ್ಯೂಡೊನಿಮ್ ಇದ್ದರೆ ಆ ಹತ್ತೂ ಒಂದೇ ಕಡೆ ಸೇರುತ್ತವೆ. ಓದುಗರು ಆ ಹೆಸರನ್ನು ನೆನಪಿಡುತ್ತಾರೆ, ನಂಬುತ್ತಾರೆ, ಮುಂದಿನ ಪುಸ್ತಕಕ್ಕೆ ಕಾಯುತ್ತಾರೆ. ಹೆಸರು ಹುಸಿಯಾದರೂ ಅದು ಗಳಿಸುವ ಕೀರ್ತಿ ನಿಜ, ಹೊರುವ ಹೊಣೆಯೂ ಬಹುಮಟ್ಟಿಗೆ ನಿಜ.

ಪದ ಇಂಗ್ಲಿಷಿನಲ್ಲಿ ನೆಲೆಗೊಂಡ ಕಾಲವೇ ಹೆಂಗಸರು ದೊಡ್ಡ ಕಾದಂಬರಿಕಾರರಾಗಿ ಎದ್ದು ಬಂದ ಕಾಲ ಕೂಡ ಎಂಬುದನ್ನು ಗಮನಿಸಬೇಕು. 1846ರಲ್ಲಿ ಯಾರ್ಕ್‌ಷೈರಿನ ಪಾದ್ರಿಯೊಬ್ಬರ ಮೂವರು ಹೆಣ್ಣುಮಕ್ಕಳು ತಮ್ಮ ಖರ್ಚಿನಲ್ಲೇ ಒಂದು ಕವನಸಂಕಲನ ಅಚ್ಚು ಹಾಕಿಸಿದರು. ಷಾರ್ಲಟ್, ಎಮಿಲಿ ಮತ್ತು ಆನ್ ಬ್ರಾಂಟೆ ತಮ್ಮ ಹೆಸರುಗಳ ಮೊದಲಕ್ಷರಗಳನ್ನು ಉಳಿಸಿಕೊಂಡು ಕರರ್, ಎಲಿಸ್, ಆಕ್ಟನ್ ಬೆಲ್ ಎಂದಾದರು. ಮೊದಲ ವರ್ಷ ಆ ಪುಸ್ತಕದ ಎರಡೇ ಪ್ರತಿಗಳು ಮಾರಾಟವಾದವು. ಮರುವರ್ಷ ಕರರ್ ಬೆಲ್ ಹೆಸರಿನಲ್ಲಿ ಬಂದ ‘ಜೇನ್ ಐರ್’ ಮಾತ್ರ ಮನೆಮಾತಾಯಿತು. ತಂಗಿಯರಿಬ್ಬರೂ ತೀರಿಕೊಂಡ ಮೇಲೆ, 1850ರಲ್ಲಿ, ಷಾರ್ಲಟ್ ಈ ಹೆಸರುಗಳ ಹಿಂದಿನ ಯೋಚನೆಯನ್ನು ತಾವೇ ವಿವರಿಸಿದರು. ಹೆಣ್ಣು ಬರೆದದ್ದೆಂದು ತಿಳಿದರೆ ವಿಮರ್ಶಕರು ಪೂರ್ವಗ್ರಹದಿಂದ ನೋಡುತ್ತಾರೆಂಬ ಭಾವನೆ ಅವರಿಗಿತ್ತು. ಹಾಗೆಂದು ಖಚಿತವಾಗಿ ಗಂಡಸಿನದೇ ಆದ ಹೆಸರಿಡಲು ಮನಸ್ಸು ಒಪ್ಪಲಿಲ್ಲ; ಗಂಡೋ ಹೆಣ್ಣೋ ಹೇಳಲಾಗದ ಹೆಸರುಗಳನ್ನು ಆರಿಸಿಕೊಂಡರು. ಸುಳ್ಳಾಡದೆ ಮರೆಯಲ್ಲಿರಲು ಅವರು ಎಷ್ಟು ಎಚ್ಚರ ವಹಿಸಿದರು ಎಂಬುದು ಇಲ್ಲಿ ಕಾಣುತ್ತದೆ. ಬೆಲ್ ಸಹೋದರರು ಮೂವರಲ್ಲ, ಒಬ್ಬನೇ ಎಂಬ ಗಾಳಿಸುದ್ದಿ ಹಬ್ಬಿದಾಗ, 1848ರಲ್ಲಿ ಷಾರ್ಲಟ್ ಮತ್ತು ಆನ್ ಲಂಡನ್ನಿಗೆ ಹೋಗಿ ಪ್ರಕಾಶಕರ ಎದುರು ನಿಂತು ತಾವು ಬೇರೆ ಬೇರೆ ವ್ಯಕ್ತಿಗಳೆಂದು ತೋರಿಸಬೇಕಾಯಿತು.

ಮೇರಿ ಆನ್ ಇವಾನ್ಸ್ ಅವರದು ಇನ್ನೊಂದು ಕಥೆ. ಅವರು ಆಗಲೇ ಅನುವಾದಕಿಯಾಗಿ, ಪತ್ರಿಕೆಯ ಸಂಪಾದನೆಯಲ್ಲಿ ಹೆಸರು ಮಾಡಿದ್ದರು. ಜಾರ್ಜ್ ಹೆನ್ರಿ ಲೂಯಿಸ್ ಎಂಬ ವಿವಾಹಿತ ಲೇಖಕರ ಜೊತೆ ಬಾಳುತ್ತಿದ್ದುದರಿಂದ ಸಮಾಜದ ನಿಂದೆಗೂ ಗುರಿಯಾಗಿದ್ದರು. ಕಥೆಗಳನ್ನು ಬರೆಯತೊಡಗಿದಾಗ ಜಾರ್ಜ್ ಎಲಿಯಟ್ ಆದರು. ಜಾರ್ಜ್ ಎಂಬುದು ಲೂಯಿಸ್ ಅವರ ಹೆಸರು, ಎಲಿಯಟ್ ಎಂಬುದು ಬಾಯಿತುಂಬ ಉಚ್ಚರಿಸಲು ಬರುವ ಸುಲಭ ಪದ ಎಂದು ಅವರು ಮುಂದೆ ಹೇಳಿದರು. ಕಥೆಗಳನ್ನು ಓದಿದ ಚಾರ್ಲ್ಸ್ ಡಿಕನ್ಸ್, ಇದು ಹೆಣ್ಣಿನ ಬರಹವೇ ಇರಬೇಕೆಂದು 1858ರ ಆರಂಭದಲ್ಲಿ ಪತ್ರ ಬರೆದು ಗುರುತು ಹಿಡಿದರು. 1859ರಲ್ಲಿ ‘ಆಡಮ್ ಬೀಡ್’ ಬಂದು ಕೀರ್ತಿ ಹಬ್ಬಿತು. ಆಗ ಲೇಖಕಿಯ ಸ್ವಂತ ಸೀಮೆಯ ಜೋಸೆಫ್ ಲಿಗಿನ್ಸ್ ಎಂಬಾತನೇ ಇವನ್ನೆಲ್ಲ ಬರೆದವನೆಂದು ಜನ ನಂಬತೊಡಗಿದರು. ಆ ಗೊಂದಲ ಬೆಳೆದಾಗ ಮೇರಿ ಆನ್ ತಮ್ಮ ಗುರುತನ್ನು ಹೊರಗೆಡವಬೇಕಾಯಿತು. ಆದರೂ ಪುಸ್ತಕಗಳ ಮೇಲೆ ಜಾರ್ಜ್ ಎಲಿಯಟ್ ಎಂಬ ಹೆಸರೇ ಉಳಿಯಿತು, ಇಂದಿಗೂ ಉಳಿದಿದೆ.

ಮರೆಗೆ ಕಾರಣಗಳು ಬೇರೆ ಬೇರೆ. ಆಕ್ಸ್‌ಫರ್ಡಿನ ಗಣಿತದ ಅಧ್ಯಾಪಕ ಚಾರ್ಲ್ಸ್ ಲಟ್‌ವಿಜ್ ಡಾಜ್ಸನ್ ತಮ್ಮ ಎರಡು ಹೆಸರುಗಳನ್ನು ಲ್ಯಾಟಿನ್ನಿಗೆ ತಿರುಗಿಸಿ, ಹಿಂದುಮುಂದು ಮಾಡಿ, ಮತ್ತೆ ಇಂಗ್ಲಿಷಿಗೆ ತಂದು ಲೂಯಿಸ್ ಕ್ಯಾರಲ್ ಎಂದಾದರು; ಗಣಿತದ ಪುಸ್ತಕಗಳಿಗೆ ಒಂದು ಹೆಸರು, ‘ಆಲಿಸ್’ ಕಥೆಗಳಿಗೆ ಇನ್ನೊಂದು. ಬಿಹಾರದ ಮೋತಿಹಾರಿಯಲ್ಲಿ 1903ರಲ್ಲಿ ಹುಟ್ಟಿದ ಎರಿಕ್ ಆರ್ಥರ್ ಬ್ಲೇರ್, ಬಡವರ ನಡುವೆ ಬದುಕಿದ ದಿನಗಳ ಕಥನವನ್ನು 1933ರಲ್ಲಿ ಪ್ರಕಟಿಸುವಾಗ ಮನೆಯವರಿಗೆ ಮುಜುಗರವಾಗದಿರಲೆಂದು ಜಾರ್ಜ್ ಆರ್ವೆಲ್ ಆದರು. ಆರ್ವೆಲ್ ಇಂಗ್ಲೆಂಡಿನ ಸಫೊಕ್ ಸೀಮೆಯ ಒಂದು ನದಿ. ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿದ್ದ ವಿಲಿಯಂ ಸೀಲಿ ಗಾಸೆಟ್ ತಮ್ಮ ಸಂಖ್ಯಾಶಾಸ್ತ್ರದ ಲೇಖನವನ್ನು 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದರು, ನೌಕರರು ಸ್ವಂತ ಹೆಸರಿನಲ್ಲಿ ಪ್ರಕಟಿಸುವುದನ್ನು ಕಂಪನಿ ಒಪ್ಪುತ್ತಿರಲಿಲ್ಲ. ಅದರಿಂದಾಗಿ ಇಂದು ಪದವಿ ತರಗತಿಗಳಲ್ಲಿ ಕಲಿಸುವ ವಿಧಾನವೊಂದರ ಹೆಸರು ‘ಸ್ಟೂಡೆಂಟ್‌ನ ಟಿ ಪರೀಕ್ಷೆ’. ಮಕ್ಕಳು ಅದನ್ನು ವಿದ್ಯಾರ್ಥಿಗಳಿಗಾಗಿ ಮಾಡಿದ ಪರೀಕ್ಷೆ ಎಂದೇ ತಿಳಿಯುವುದುಂಟು.

ಗಣಿತದಲ್ಲೇ ಇನ್ನೊಂದು ಹೆಸರು ಭಾರತದ ನಂಟು ಹೊಂದಿದೆ. 1930ರ ದಶಕದಲ್ಲಿ ಫ್ರಾನ್ಸಿನ ತರುಣ ಗಣಿತಜ್ಞರ ಗುಂಪು ನಿಕೊಲಾ ಬೂರ್ಬಾಕಿ ಎಂಬ ಒಂದೇ ಹೆಸರಿನಲ್ಲಿ ಗ್ರಂಥಮಾಲೆ ಬರೆಯತೊಡಗಿತು. ಅದಕ್ಕೂ ಮೊದಲು, 1930ರಿಂದ 1932ರವರೆಗೆ, ಆ ಗುಂಪಿನ ಆಂದ್ರೆ ವೀಲ್ ಅಲಿಗಢದಲ್ಲಿ ಅಧ್ಯಾಪಕರಾಗಿದ್ದರು. ಅವರ ಸಲಹೆಯಂತೆ, ಮುಂದೆ ಇತಿಹಾಸಕಾರರೆಂದು ಪ್ರಸಿದ್ಧರಾದ ಡಿ.ಡಿ. ಕೋಸಂಬಿ, ಇಲ್ಲದ ಬೂರ್ಬಾಕಿಯ ಪ್ರಮೇಯವೊಂದನ್ನು ವಿಸ್ತರಿಸುವ ಲೇಖನವನ್ನು ಭಾರತದ ಪತ್ರಿಕೆಯಲ್ಲಿ ಪ್ರಕಟಿಸಿದರು. ಬೂರ್ಬಾಕಿಯ ಹೆಸರು ಅಚ್ಚಿನಲ್ಲಿ ಬಂದ ಮೊದಲ ಗಣಿತ ಲೇಖನ ಅದು.

ರಾಜಕೀಯ ಬರವಣಿಗೆಯಲ್ಲಿ ಸ್ಯೂಡೊನಿಮ್‌ಗೆ ಹಳೆಯ ಗೌರವವಿದೆ. ಅಮೆರಿಕದ ಸಂವಿಧಾನವನ್ನು ಸಮರ್ಥಿಸುವ 85 ಪ್ರಬಂಧಗಳನ್ನು 1787 ಮತ್ತು 1788ರಲ್ಲಿ ಅಲ್ಲಿನ ರಾಜಕೀಯ ನಾಯಕರಾದ ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಮೂವರೂ ‘ಪಬ್ಲಿಯಸ್’ ಎಂಬ ರೋಮನ್ ಹೆಸರಿನಲ್ಲಿ ಬರೆದರು. ಭಾರತದಲ್ಲಿ, ಧನಪತ್ ರಾಯ್ ಅವರು ನವಾಬ್ ರಾಯ್ ಹೆಸರಿನಲ್ಲಿ ಪ್ರಕಟಿಸಿದ ‘ಸೋಜೆ ವತನ್’ ಎಂಬ ಉರ್ದು ಕಥಾಸಂಕಲನವನ್ನು ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು. ಅನಂತರ ಅವರು ಹೊಸ ಹೆಸರಿನಲ್ಲಿ ಬರೆದರು. ದೇಶ ಅವರನ್ನು ಬಲ್ಲದ್ದು ಆ ಪ್ರೇಮಚಂದ್ ಎಂಬ ಹೆಸರಿನಿಂದಲೇ. ಇದಕ್ಕಿಂತ ಅಪೂರ್ವವಾದದ್ದು 1937ರ ನವೆಂಬರಿನಲ್ಲಿ ಕಲ್ಕತ್ತೆಯ ‘ಮಾಡರ್ನ್ ರಿವ್ಯೂ’ ಪತ್ರಿಕೆಯಲ್ಲಿ ‘ಚಾಣಕ್ಯ’ ಎಂಬ ಹೆಸರಿನಲ್ಲಿ ಬಂದ ಲೇಖನ. ಜವಾಹರಲಾಲ್ ನೆಹರೂ ಅವರ ಜನಪ್ರಿಯತೆಯಲ್ಲಿ ಸರ್ವಾಧಿಕಾರಿಯಾಗುವ ಅಪಾಯ ಅಡಗಿದೆ, ಅವರನ್ನು ಮತ್ತೆ ಕಾಂಗ್ರೆಸ್ ಅಧ್ಯಕ್ಷರಾಗಿ ಆರಿಸಬಾರದು ಎಂದು ಅದು ಎಚ್ಚರಿಸಿತು. ಬರೆದವರು ಸ್ವತಃ ನೆಹರೂ. ಸ್ವಂತ ಹೆಸರಿನಲ್ಲಿ ಬರೆದಿದ್ದರೆ ಅದು ವಿನಯದ ಪ್ರದರ್ಶನವಾಗುತ್ತಿತ್ತು. ಇನ್ನೊಬ್ಬರ ದನಿಯಲ್ಲಿ ಬಂದುದರಿಂದ ವಿಮರ್ಶೆಯಾಯಿತು.

ಹೆಸರು ಬದಲಾದರೆ ಬರೆಯುವ ವ್ಯಕ್ತಿಯೂ ಬದಲಾಗಬಹುದೇ ಎಂಬ ಪ್ರಶ್ನೆಯನ್ನು ಇಬ್ಬರು ಆಳವಾಗಿ ಎತ್ತಿದರು. ಡೆನ್ಮಾರ್ಕಿನ ತತ್ತ್ವಜ್ಞಾನಿ ಸೋರೆನ್ ಕೀರ್ಕೆಗಾರ್ಡ್ ತನ್ನ ಹಲವು ಗ್ರಂಥಗಳನ್ನು ಬೇರೆ ಬೇರೆ ಕಲ್ಪಿತ ಲೇಖಕರ ಹೆಸರಿನಲ್ಲಿ ಬರೆದು, 1846ರಲ್ಲಿ ಅವೆಲ್ಲ ತನ್ನವೇ ಎಂದು ಒಪ್ಪಿಕೊಂಡ. ಆದರೆ ಆ ಗ್ರಂಥಗಳಿಂದ ಉದ್ಧರಿಸುವವರು ತನ್ನ ಹೆಸರನ್ನು ಹಾಕದೆ ಆಯಾ ಕಲ್ಪಿತ ಲೇಖಕನ ಹೆಸರನ್ನೇ ಹಾಕಬೇಕೆಂದು ಕೇಳಿಕೊಂಡ, ಏಕೆಂದರೆ ಅಲ್ಲಿನ ಅಭಿಪ್ರಾಯಗಳು ಅವರವು. ಪೋರ್ಚುಗಲ್ಲಿನ ಕವಿ ಫರ್ನಾಂಡೊ ಪೆಸೋವಾ ಇನ್ನೂ ಮುಂದೆ ಹೋದ. ಆಲ್ಬರ್ಟೊ ಕಾಯೆರೊ, ರಿಕಾರ್ಡೊ ರೈಸ್, ಆಲ್ವರೊ ದ ಕಾಂಪೊಸ್ ಎಂಬ ಕವಿಗಳಿಗೆ ಬೇರೆ ಬೇರೆ ಜೀವನಚರಿತ್ರೆ, ಬೇರೆ ಬೇರೆ ಶೈಲಿ, ಬೇರೆ ಬೇರೆ ದರ್ಶನವನ್ನೇ ಕೊಟ್ಟ. ಇವರನ್ನು ಸ್ಯೂಡೊನಿಮ್ ಎನ್ನಲು ಅವನು ಒಪ್ಪಲಿಲ್ಲ. ಲೇಖಕ ತಾನೇ ತಾನಾಗಿ ಬರೆದು ಹೆಸರನ್ನಷ್ಟೇ ಬದಲಿಸಿದರೆ ಅದು ಸ್ಯೂಡೊನಿಮ್, ತನ್ನ ವ್ಯಕ್ತಿತ್ವದಿಂದಲೇ ಹೊರಬಂದು ಬರೆದರೆ ‘ಹೆಟರೊನಿಮ್’ ಎಂದು 1928ರಲ್ಲಿ ಭೇದ ಮಾಡಿದ. ‘ಹೆಟರೊ’ ಎಂದರೆ ಬೇರೆಯಾದ. ಸುಳ್ಳು ಎಂಬ ಉಪಸರ್ಗವನ್ನು ಕಿತ್ತು ಬೇರೆ ಎಂಬ ಉಪಸರ್ಗವನ್ನು ಕೂರಿಸಿದ ಈ ಕವಿಯ ವಿವೇಚನೆ ಬಹಳ ಸರಿಯಾದದ್ದು.

ಕನ್ನಡದ ಕಾವ್ಯನಾಮಗಳನ್ನು ಈ ಬೆಳಕಿನಲ್ಲಿ ನೋಡಿದರೆ ಹೆಚ್ಚಿನವುಗಳಲ್ಲಿ ಹುಸಿಯೇ ಇಲ್ಲ. ‘ಕುವೆಂಪು’ ಎಂಬುದು ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂಬುದರ ಮೊದಲಕ್ಷರಗಳ ಜೋಡಣೆ. ‘ಅಂಬಿಕಾತನಯದತ್ತ’ ಎಂದರೆ ಅಂಬಿಕೆಯ ಮಗ ದತ್ತ; ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು ತಾಯಿಯ ಹೆಸರಿನಿಂದ ತಮ್ಮನ್ನು ಕರೆದುಕೊಂಡದ್ದು, ಮಾತು ಅಕ್ಷರಶಃ ನಿಜ. ಮಾಸ್ತಿಯವರ ‘ಶ್ರೀನಿವಾಸ’, ಗೋಕಾಕರ ‘ವಿನಾಯಕ’ ಓದುಗರಿಂದ ಗುಟ್ಟಾಗಿ ಉಳಿಯಲೆಂದು ಇಟ್ಟವಲ್ಲ. ಕುಳಕುಂದ ಶಿವರಾಯರು ‘ನಿರಂಜನ’ರಾದದ್ದು, ಅನಸೂಯಾ ಶಂಕರ್ ‘ತ್ರಿವೇಣಿ’ಯಾದದ್ದು, ಸುಬ್ರಹ್ಮಣ್ಯರಾಜೇ ಅರಸು ‘ಚದುರಂಗ’ರಾದದ್ದು ಪೂರ್ತಿ ಬೇರೆ ಹೆಸರುಗಳ ಉದಾಹರಣೆಗಳು, ಇಂಗ್ಲಿಷಿನ ಪದ ಇವಕ್ಕೆ ಹೆಚ್ಚು ಹೊಂದುತ್ತದೆ. ವಚನಕಾರರ ಅಂಕಿತವನ್ನು ಸ್ಯೂಡೊನಿಮ್ ಎಂದು ಅನುವಾದಿಸುವುದಂತೂ ತಪ್ಪು. ಕೂಡಲಸಂಗಮದೇವ ಬಸವಣ್ಣನವರ ಇನ್ನೊಂದು ಹೆಸರಲ್ಲ, ವಚನ ಯಾರನ್ನು ಕುರಿತು ನುಡಿಯುತ್ತದೆಯೋ ಆ ದೇವರ ಹೆಸರು.

ನಿಜವಾಗಿಯೂ ಮರೆಯಲ್ಲಿ ನಿಂತ ಕನ್ನಡದ ಲೇಖಕ ಮುದ್ದಣ. 1870ರಲ್ಲಿ ನಂದಳಿಕೆಯಲ್ಲಿ ಹುಟ್ಟಿದ ಲಕ್ಷ್ಮೀನಾರಣಪ್ಪ ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕರಾಗಿದ್ದರು. ತಮ್ಮ ಹಳಗನ್ನಡ ಕೃತಿಗಳನ್ನು ಅವರು ತಮ್ಮವೆಂದು ಹೇಳದೆ, ಹಿಂದಿನ ಕವಿಗಳ ರಚನೆಗಳೆಂಬಂತೆ ಮೈಸೂರಿನ ‘ಕಾವ್ಯಮಂಜರಿ’ ಪತ್ರಿಕೆಯವರಿಗೆ ಕಳಿಸಿದರು. ವಿದ್ವಾಂಸರು ಅವನ್ನು ಹಳೆಯ ಕೃತಿಗಳೆಂದೇ ಆದರಿಸಿದರು. ಬಡತನ ಮತ್ತು ಕ್ಷಯರೋಗದಿಂದ ನರಳಿ 1901ರಲ್ಲಿ, ಇನ್ನೂ ಮೂವತ್ತೊಂದರ ಹರೆಯದಲ್ಲಿ, ಅವರು ತೀರಿಕೊಂಡರು. ‘ಶ್ರೀರಾಮಾಶ್ವಮೇಧಂ’ನ ಕರ್ತೃ ಅವರೇ ಎಂಬುದು ಕನ್ನಡನಾಡಿಗೆಲ್ಲ ತಿಳಿದದ್ದು ಆಮೇಲೆ. ಇದೇ ದಾರಿಯನ್ನು ಹದಿಹರೆಯದ ರವೀಂದ್ರನಾಥ ಠಾಕೂರರೂ ಹಿಡಿದಿದ್ದರು. ಬ್ರಜಬುಲಿ ಎಂಬ ಹಳೆಯ ಕಾವ್ಯಭಾಷೆಯಲ್ಲಿ ವೈಷ್ಣವ ಪದಗಳನ್ನು ಬರೆದು, ಇವು ಭಾನುಸಿಂಹನೆಂಬ ಹಳೆಯ ಕವಿಯವು, ಬ್ರಾಹ್ಮ ಸಮಾಜದ ಗ್ರಂಥಾಲಯದಲ್ಲಿ ಸಿಕ್ಕವು ಎಂದು ಗೆಳೆಯನನ್ನು ನಂಬಿಸಿದ್ದನ್ನು ಅವರೇ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ರವಿ ಎಂದರೂ ಭಾನು ಎಂದರೂ ಸೂರ್ಯನೇ. ಅವರಿಗೆ ಪ್ರೇರಣೆಯಾದವನು ಇಂಗ್ಲೆಂಡಿನ ಥಾಮಸ್ ಚಾಟರ್ಟನ್. ಹದಿನೈದನೆಯ ಶತಮಾನದ ಸನ್ಯಾಸಿಯೊಬ್ಬನ ಹೆಸರಿನಲ್ಲಿ ಕವಿತೆ ಕಟ್ಟಿ, 1770ರಲ್ಲಿ ಹದಿನೇಳನೆಯ ವಯಸ್ಸಿಗೇ ಸತ್ತ ಹುಡುಗ.

ಮುದ್ದಣನೂ ಚಾಟರ್ಟನ್ನನೂ ನಿಂತ ನೆಲ ಸ್ಯೂಡೊನಿಮ್‌ನ ಗಡಿ. ಅಲ್ಲಿಂದಾಚೆಗೆ ಇನ್ನೊಂದು ಪದದ ಸೀಮೆ: ‘ಸ್ಯೂಡೆಪಿಗ್ರಫ’. ಮಾನ್ಯನಾದ ಪ್ರಾಚೀನನ ಹೆಸರನ್ನು ಹೊತ್ತು ಬಂದ, ಅವನು ಬರೆಯದ ಗ್ರಂಥ ಎಂದು ಅದರ ಅರ್ಥ. ಐದನೆಯ ಶತಮಾನದ ಕೊನೆಯಲ್ಲೋ ಆರನೆಯದರ ಆರಂಭದಲ್ಲೋ ಬರೆದ ಕೆಲವು ಗ್ರೀಕ್ ಗ್ರಂಥಗಳು, ಸಂತ ಪೌಲನ ಶಿಷ್ಯನಾದ ಡಯೊನೀಸಿಯಸ್‌ನ ಹೆಸರಿನಲ್ಲಿ ಬಂದುದರಿಂದ ಸಾವಿರ ವರ್ಷಕಾಲ ಅಪೊಸ್ತಲರ ಕಾಲದ ಪ್ರಮಾಣವೆಂದು ನಡೆದವು. ಹದಿನೈದನೆಯ ಶತಮಾನದಲ್ಲಿ ಇಟಲಿಯ ವಿದ್ವಾಂಸ ಲೊರೆಂಜೊ ವಾಲ್ಲಾ ಅನುಮಾನ ಎತ್ತಿದ. ಈಗ ಆ ಲೇಖಕನನ್ನು ‘ಸ್ಯೂಡೊ ಡಯೊನೀಸಿಯಸ್’ ಎನ್ನುತ್ತಾರೆ. ಜಾರ್ಜ್ ಎಲಿಯಟ್ ಎಂಬ ಹೆಸರಿಗೆ ಹಿಂದೆ ಯಾವ ಅಧಿಕಾರವೂ ಇರಲಿಲ್ಲ, ಬರಹದಿಂದಲೇ ಅದು ಬೆಲೆ ಪಡೆಯಿತು. ಡಯೊನೀಸಿಯಸ್ ಎಂಬ ಹೆಸರು ಬರಹಕ್ಕೆ ಮೊದಲೇ ಬೆಲೆ ತಂದುಕೊಟ್ಟಿತು. ಸುಳ್ಳೆಂಬ ಉಪಸರ್ಗ ನ್ಯಾಯವಾಗಿ ಸಲ್ಲಬೇಕಾದದ್ದು ಈ ಎರಡನೆಯದಕ್ಕೆ.

ಹೊಸ ಹೆಸರಿನ ಮೇಲೆ ಹಳೆಯ ಕೀರ್ತಿಯ ನೆರಳು ಬೀಳದಿರಲೆಂದು ಬಯಸಿದ ಲೇಖಕರೂ ಇದ್ದಾರೆ. ಫ್ರಾನ್ಸಿನ ಗೊಂಕೂರ್ ಪ್ರಶಸ್ತಿಯನ್ನು ಒಬ್ಬರಿಗೆ ಒಮ್ಮೆ ಮಾತ್ರ ಕೊಡುತ್ತಾರೆ. ರೊಮೇನ್ ಗಾರಿ ಅದನ್ನು 1956ರಲ್ಲಿ ಪಡೆದಿದ್ದರು. 1975ರಲ್ಲಿ ಎಮಿಲ್ ಅಜಾರ್ ಎಂಬ ಹೆಸರಿನಲ್ಲಿ ಬರೆದ ಕಾದಂಬರಿಗೆ ಮತ್ತೆ ಬಂತು. 1980ರಲ್ಲಿ ಅವರು ಸತ್ತ ಮೇಲಷ್ಟೇ ಗುಟ್ಟು ಹೊರಬಿತ್ತು. 2013ರಲ್ಲಿ ಜೆ.ಕೆ. ರೌಲಿಂಗ್ ರಾಬರ್ಟ್ ಗಾಲ್‌ಬ್ರೇತ್ ಹೆಸರಿನಲ್ಲಿ ಪತ್ತೇದಾರಿ ಕಾದಂಬರಿ ಪ್ರಕಟಿಸಿದಾಗ ಗುಟ್ಟು ಮೂರೇ ತಿಂಗಳು ಉಳಿಯಿತು. ಶೈಲಿಯನ್ನು ಗಣಕಯಂತ್ರದಿಂದ ಅಳೆದ ಭಾಷಾತಜ್ಞರ ವಿಶ್ಲೇಷಣೆಯೂ ಅದನ್ನು ಬಿಡಿಸಲು ನೆರವಾಯಿತು.

ಕಾನೂನು ಈ ಪದವನ್ನು ಬಹಳ ಹಿಂದೆಯೇ ಸುಳ್ಳಿನ ಸಾಲಿನಿಂದ ಹೊರಗಿಟ್ಟಿದೆ. ಕೃತಿಸ್ವಾಮ್ಯದ ಬರ್ನ್ ಒಪ್ಪಂದ ಸ್ಯೂಡೊನಿಮಸ್ ಕೃತಿಗಳಿಗೂ ರಕ್ಷಣೆ ಕೊಡುತ್ತದೆ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯ 23ನೆಯ ಕಲಮಿನ ಪ್ರಕಾರ, ಅಂಥ ಕೃತಿಯ ಹಕ್ಕು ಪ್ರಕಟವಾದ ಮರುವರ್ಷದ ಆರಂಭದಿಂದ 60 ವರ್ಷ ನಡೆಯುತ್ತದೆ. ಆ ಅವಧಿ ಮುಗಿಯುವ ಮೊದಲೇ ಲೇಖಕರ ಗುರುತು ತಿಳಿದುಬಂದರೆ ಅವರ ಮರಣದ ಮರುವರ್ಷದಿಂದ 60 ವರ್ಷ. ಗ್ರಂಥಾಲಯಗಳ ಸೂಚಿಯಲ್ಲೂ ಮನೋಭಾವ ಬದಲಾಗಿದೆ. ಹಿಂದೆ ನಿಜನಾಮವನ್ನು ಹುಡುಕಿ ಅದರಡಿ ದಾಖಲಿಸುವುದು ಪಾಂಡಿತ್ಯವೆನಿಸಿತ್ತು. 1978ರ ಆಂಗ್ಲೋ ಅಮೆರಿಕನ್ ಸೂಚೀಕರಣ ನಿಯಮಗಳು ಲೇಖಕರು ಯಾವ ಹೆಸರಿನಿಂದ ಹೆಚ್ಚು ಪರಿಚಿತರೋ ಅದನ್ನೇ ಒಪ್ಪಿದವು. ನ್ಯಾಯಾಲಯಗಳಲ್ಲಿ ಕಲ್ಪಿತ ಹೆಸರುಗಳು ಇನ್ನೂ ಹಳೆಯವು. ಇಂಗ್ಲಿಷ್ ಭೂವ್ಯಾಜ್ಯಗಳಲ್ಲಿ ಜಾನ್ ಡೋ ಎಂಬ ಇಲ್ಲದ ಫಿರ್ಯಾದಿಯ ಹೆಸರಿನಲ್ಲಿ ದಾವೆ ಹೂಡುವ ಪದ್ಧತಿ 1852ರ ಶಾಸನದವರೆಗೂ ನಡೆದಿತ್ತು. ಯಾರೆಂದು ತಿಳಿಯದ ಪ್ರತಿವಾದಿಗಳ ವಿರುದ್ಧ ಹೊರಡಿಸುವ ಆದೇಶಗಳಿಗೆ ಭಾರತದ ಉಚ್ಚ ನ್ಯಾಯಾಲಯಗಳಲ್ಲಿ ‘ಅಶೋಕ್ ಕುಮಾರ್ ಆದೇಶ’ ಎಂಬ ಹೆಸರೂ ಇದೆ.

ಪದದ ಅತಿ ಹೊಸ ರೂಪ ‘ಸ್ಯೂಡೊನಿಮೈಸೇಷನ್’. ಆಸ್ಪತ್ರೆ, ಬ್ಯಾಂಕು, ಸಂಶೋಧನಾ ಸಂಸ್ಥೆಗಳಲ್ಲಿ ಜನರ ಹೆಸರಿನ ಜಾಗದಲ್ಲಿ ಸಂಕೇತವನ್ನಿಟ್ಟು, ಆ ಸಂಕೇತ ಯಾರದೆಂದು ಹೇಳುವ ಪಟ್ಟಿಯನ್ನು ಬೇರೆ ಕಡೆ ಭದ್ರವಾಗಿಡುವ ಕ್ರಮ ಇದು. ಯೂರೋಪಿಯನ್ ಒಕ್ಕೂಟ 2016ರಲ್ಲಿ ಒಪ್ಪಿದ, 2018ರ ಮೇ 25ರಿಂದ ಜಾರಿಗೆ ತಂದ ದತ್ತಾಂಶ ರಕ್ಷಣೆಯ ನಿಯಮಾವಳಿ ಈ ಪದಕ್ಕೆ ನಾಲ್ಕನೆಯ ವಿಧಿಯಲ್ಲಿ ವ್ಯಾಖ್ಯೆಯನ್ನೇ ಕೊಟ್ಟಿದೆ. ಅನಾಮಧೇಯಕ್ಕೂ ಹುಸಿನಾಮಧೇಯಕ್ಕೂ ನಡುವಿನ ಹಳೆಯ ಅಂತರವನ್ನು ಅದು ಹಾಗೆಯೇ ಕಾಪಾಡಿದೆ. ಗುರುತು ಪೂರ್ತಿ ಅಳಿಸಿಹೋದ ಮಾಹಿತಿಗೆ ಆ ನಿಯಮ ಅನ್ವಯಿಸುವುದಿಲ್ಲ. ಸಂಕೇತನಾಮ ಹೊತ್ತ ಮಾಹಿತಿಯಿಂದ ಪಟ್ಟಿಯ ನೆರವಿನಲ್ಲಿ ಮತ್ತೆ ವ್ಯಕ್ತಿಯನ್ನು ತಲುಪಬಹುದಾದ್ದರಿಂದ, ಕಾನೂನಿನ ಕಣ್ಣಿನಲ್ಲಿ ಅದು ಇನ್ನೂ ಆ ವ್ಯಕ್ತಿಗೆ ಸೇರಿದ ಮಾಹಿತಿಯೇ.